ತೊಂಬತ್ತು ಸೆಕೆಂಡಿನ ವಿಶ್ರಾಂತಿ

ಬೆಳಗ್ಗೆ ಆರು ಗಂಟೆ ಹನ್ನೆರಡು ನಿಮಿಷಕ್ಕೆ ಅರವತ್ತೊಂದು ಕೆಜಿ ತೂಕದ ಕಬ್ಬಿಣದ ಬಾರ್ ಅವನ ಎದೆಯ ಮೇಲೆ ಕೂತಿತು. ಮತ್ತೆ ಮೇಲೇಳಲಿಲ್ಲ.

ಜಿಮ್‌ನಲ್ಲಿ ಆಗ ಇದ್ದವರು ಮೂವರು. ಜಿಮ್ ನಡೆಸುವ ಮಾಸ್ತರು ಬಾಗಿಲಾಚೆ ನಿಂತು ಶಟರ್‌ಗೆ ಎಣ್ಣೆ ಬಿಡುತ್ತಿದ್ದರು. ಅವನು ಬೆಂಚಿನ ಮೇಲೆ ಅಂಗಾತ ಮಲಗಿದ್ದ. ಮೂರನೆಯವಳು ಕಿಟಕಿಯ ಪಕ್ಕ ಕೂತು ಶೂ ಲೇಸ್ ಕಟ್ಟಿಕೊಳ್ಳುತ್ತಿದ್ದಳು.

ಅವಳು ಓಡಿ ಬರಲಿಲ್ಲ. ಗಂಟು ಬಿಗಿದು, ಎದ್ದು, ನಡೆದು ಬಂದು ಅವನ ತಲೆಯ ಹಿಂದೆ ನಿಂತಳು. ಅವನಿಗೆ ಅವಳ ಮುಖ ತಲೆಕೆಳಗಾಗಿ ಕಂಡಿತು. ಹಣೆ ಕೆಳಗೆ, ಗಲ್ಲ ಮೇಲೆ, ನಡುವೆ ಒಂದು ನಗು ಹೊರಗೆ ಬರಲೋ ಬೇಡವೋ ಎಂದು ಕಾಯುತ್ತಿತ್ತು.

"ಎತ್ಲಾ?"

"ಒಂದ್ನಿಮಿಷ..."

"ಒಂದ್ನಿಮಿಷ ಆದ್ಮೇಲೆ ಮಾಸ್ತರಿಗೆ ನಾನೇನ್ ಹೇಳ್ಲಿ?"

ಎರಡೂ ಕೈಯಿಂದ ಬಾರ್ ಹಿಡಿದು ಎಳೆದು ಕೊಕ್ಕೆಗೆ ಕೂರಿಸಿದಳು. ಅವನು ಎದ್ದು ಕೂತ. ಕಿವಿಯ ತುದಿ ಕೆಂಪಾಗಿತ್ತು.

"ಏನ್ ಯೋಚ್ನೆ ಮಾಡ್ತಿದ್ರಿ?" ಅವಳು ಕೇಳಿದಳು.

"ಮೊಣಕೈ. ಎದೆಯಿಂದ ನಲವತ್ತೈದು ಡಿಗ್ರಿ ದೂರ ಇರ್ಬೇಕಾ, ಅರವತ್ತಾ ಅಂತ. ನಿನ್ನೆ ಓದಿದ ಲೇಖನದಲ್ಲಿ ಒಂದು, ಮೊನ್ನೆ ನೋಡಿದ ವಿಡಿಯೋದಲ್ಲಿ ಇನ್ನೊಂದು."

"ಮತ್ತೆ ಬಾರ್ ಬಗ್ಗೆ?"

"ಹಾಂ?"

"ಅದನ್ನ ಮೇಲಕ್ಕೆತ್ಬೇಕು ಅನ್ನೋ ವಿಷಯ ಏನಾದ್ರೂ ತಲೆಗೆ ಬಂದಿತ್ತಾ?"

ಬಾಗಿಲಲ್ಲಿ ಮಾಸ್ತರು ಕೆಮ್ಮಿದರು. ಅದು ಕೆಮ್ಮಲ್ಲ, ನಗು ಎಂದು ಮೂವರಿಗೂ ಗೊತ್ತಾಯಿತು.

ಅವಳು ಬಾರ್‌ನ ತುದಿಯಲ್ಲಿದ್ದ ಪುಟ್ಟ ಕಬ್ಬಿಣದ ಬಿಲ್ಲೆಯನ್ನು ತೆಗೆದು ಬೆಳಕಿಗೆ ಹಿಡಿದಳು. "ಇದೇನು, ಬಿಸ್ಕತ್ತಾ?"

"ಅರ್ಧ ಕೆಜಿ. ಇಲ್ಲಿ ಅಷ್ಟು ಚಿಕ್ಕದು ಇಲ್ಲ. ಮನೆಯಿಂದ ತಂದಿದ್ದು."

"ಪಾಯಿಂಟ್ ಫೈವ್!" ಎಂದಳು. ಅಂದಿನಿಂದ ಅವನ ಹೆಸರು ಅದೇ ಆಯಿತು. ಮಾಸ್ತರು ಕೂಡ ಹಾಗೆಯೇ ಕರೆಯತೊಡಗಿದರು.

*

ಅವನು ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಟೆಕ್ನಿಷಿಯನ್. ವಯಸ್ಸು ಮೂವತ್ತೊಂದು. ಅವಳು ಸಿಟಿ ಬಸ್ಸಿನ ಡ್ರೈವರ್, ಅವನಿಗಿಂತ ಒಂದು ವರ್ಷ ದೊಡ್ಡವಳು. ಎಂಟೂವರೆಗೆ ಅವಳ ಪಾಳಿ ಶುರು. ಮಂಗಳವಾರ, ಗುರುವಾರ, ಶನಿವಾರ ಆರಕ್ಕೆ ಜಿಮ್ಮಿಗೆ ಬಂದು, ಏಳೂವರೆಗೆ ಹೊರಡುತ್ತಿದ್ದಳು. ದಿನವಿಡೀ ಕೂತು ಸ್ಟೇರಿಂಗ್ ತಿರುಗಿಸಿ ಬೆನ್ನು ಹಿಡಿದುಕೊಂಡಾಗ ಡಾಕ್ಟರು ವ್ಯಾಯಾಮ ಮಾಡಿ ಎಂದಿದ್ದರು. ಮಾಡಿದಳು. ಬೆನ್ನುನೋವು ಹೋಯಿತು, ವ್ಯಾಯಾಮ ಉಳಿಯಿತು.

ಮೂರು ವರ್ಷದಿಂದ ಅವಳು ಮಾಡುತ್ತಿದ್ದದ್ದು ಅದೇ ಐದು ವ್ಯಾಯಾಮ. ಪುಸ್ತಕವಿಲ್ಲ, ಆ್ಯಪ್ ಇಲ್ಲ. ಗೋಡೆಯ ಮೇಲೆ ಮಾಸ್ತರು ದೊಡ್ಡಕ್ಷರದಲ್ಲಿ ಬರೆಸಿದ್ದ ಮೂರು ಪದ ಅವಳಿಗೆ ಸಾಕಾಗಿತ್ತು: ಎತ್ತು. ತಿನ್ನು. ಮಲಗು.

ಅದೇ ಗೋಡೆ ನೋಡಿ ಅವನು ಮೊದಲ ದಿನ ಮಾಸ್ತರನ್ನು ಕೇಳಿದ್ದ, "ಎಷ್ಟು ಎತ್ಬೇಕು? ಎಷ್ಟು ತಿನ್ಬೇಕು? ಎಷ್ಟು ಹೊತ್ತು ಮಲಗ್ಬೇಕು?" ಮಾಸ್ತರು ಕ್ಷಣ ಯೋಚಿಸಿ, "ಮೊದ್ಲು ಶೂ ಹಾಕ್ಕೋ" ಎಂದಿದ್ದರು.

ಐದು ತಿಂಗಳಲ್ಲಿ ಅವನು ಒಂಬತ್ತು ಸಲ ತರಬೇತಿಯ ಪಟ್ಟಿ ಬದಲಿಸಿದ್ದ. ಯಾವುದಾದರೂ ಒಂದು ಪಟ್ಟಿಗೆ ಮೈ ಒಗ್ಗಿಕೊಳ್ಳುವಷ್ಟರಲ್ಲಿ ಅದು ತಪ್ಪೆಂದು ಹೇಳುವ ಇನ್ನೊಂದು ಲೇಖನ ಸಿಗುತ್ತಿತ್ತು. ಪ್ರೊಟೀನ್ ದೇಹತೂಕದ ಕೆಜಿಗೆ 1.6 ಗ್ರಾಂ ಸಾಕೋ, 2.2 ಬೇಕೋ ಎಂಬ ಪ್ರಶ್ನೆಗೆ ಅವನ ನೀಲಿ ನೋಟ್‌ಬುಕ್ಕಿನಲ್ಲಿ ನಾಲ್ಕು ಪುಟ ಖರ್ಚಾಗಿತ್ತು. ತಿನ್ನುವ ಪ್ರತಿ ತುತ್ತನ್ನೂ ಅಂಗೈ ಅಗಲದ ಡಿಜಿಟಲ್ ತಕ್ಕಡಿಯಲ್ಲಿ ತೂಗುತ್ತಿದ್ದ. ಇಷ್ಟೆಲ್ಲ ಮಾಡಿಯೂ ಬೆಂಚಿನ ಮೇಲೆ ಮಲಗಿ ಅವನು ಎತ್ತುವ ತೂಕ ಅರವತ್ತು ಕೆಜಿಯಲ್ಲೇ ನಿಂತಿತ್ತು.

ಅವನು ಹುಟ್ಟಾ ಹೀಗಿರಲಿಲ್ಲ. ಇದನ್ನು ಅವನೇ ಒಂದು ದಿನ ಅವಳಿಗೆ ಹೇಳಿದ. ಆರು ವರ್ಷದ ಹಿಂದೆ, ಲ್ಯಾಬಿಗೆ ಸೇರಿದ ಎರಡನೇ ವರ್ಷ, ಒಬ್ಬರ ಮೂತ್ರಪಿಂಡದ ರಿಪೋರ್ಟಿನಲ್ಲಿ 1.4 ಎಂದಿರಬೇಕಾದ ಕಡೆ 14 ಎಂದು ಬರೆದುಬಿಟ್ಟಿದ್ದ. ಒಂದು ಚುಕ್ಕೆ ಬಿಟ್ಟುಹೋಗಿತ್ತು. ತಿದ್ದಿದ ರಿಪೋರ್ಟ್ ಕೈಗೆ ಬರುವವರೆಗೆ, ಎರಡು ಗಂಟೆ, ಆ ಮನೆಯವರು ಲ್ಯಾಬಿನ ಎದುರಿನ ಬೆಂಚಿನಲ್ಲಿ ಕೂತು ಅತ್ತಿದ್ದರು.

"ಆಮೇಲೆ?"

"ಆಮೇಲೆ ಎಲ್ಲಾನೂ ಮೂರು ಸಲ ನೋಡ್ತೀನಿ."

ಅವಳು ನಗಲಿಲ್ಲ. ಕೈಯಲ್ಲಿದ್ದ ನೀರಿನ ಬಾಟಲಿಯನ್ನು ಅವನಿಗೆ ಕೊಟ್ಟಳು. ಅವನು ಎಷ್ಟು ಮಿಲಿಲೀಟರ್ ಎಂದು ನೋಡದೆ ಕುಡಿದ.

*

ಜಿಮ್‌ನ ಒಂದು ಗೋಡೆ ಪೂರ್ತಿ ಕನ್ನಡಿ. ಅವಳು ಮೂಲೆಯಲ್ಲಿ ತೂಕ ಎತ್ತುವಾಗ ಅವನು ಈ ಕಡೆಯಿಂದ ಕನ್ನಡಿ ನೋಡುತ್ತಿದ್ದ. ಜಡೆಯನ್ನು ಅವಳು ಎರಡು ಸುತ್ತು ಸುತ್ತಿ ಪೆನ್ಸಿಲ್ ಚುಚ್ಚಿಕೊಳ್ಳುತ್ತಿದ್ದಳು. ತೂಕ ಎತ್ತುವ ನಾಲ್ಕನೇ ಸುತ್ತಿಗೆ ಒಂದು ಎಳೆ ಜಾರಿ ಕತ್ತಿನ ಬೆವರಿಗೆ ಅಂಟುತ್ತಿತ್ತು. ಅದು ಯಾವಾಗಲೂ ನಾಲ್ಕನೇ ಸುತ್ತಿಗೇ ಆಗುತ್ತಿತ್ತು ಎಂಬುದು ಅವನು ತಾನಾಗಿ ಕಂಡುಕೊಂಡ, ಯಾವ ಲೇಖನದಲ್ಲೂ ಇಲ್ಲದ ಸಂಗತಿ.

"ಏನ್ ನೋಡ್ತಿದೀರಾ?"

"ಮೊಣಕೈ."

"ನಾನು ದಿನಾ ಎಂಟು ಗಂಟೆ ಕನ್ನಡಿ ನೋಡೋಳು. ಹಿಂದಿನ ಸೀಟಲ್ಲಿ ಯಾರ ಕಣ್ಣು ಎಲ್ಲಿದೆ ಅಂತ ಗೊತ್ತಾಗುತ್ತೆ." ಅವಳು ತಿರುಗದೆ ಕನ್ನಡಿಯೊಳಗಿನಿಂದಲೇ ಹೇಳಿದಳು. "ನಿಮ್ಮ ಮೊಣಕೈ ಈ ಮೂಲೇಲಿ ಇಲ್ಲ."

ಅವನು ತಲೆ ತಗ್ಗಿಸಿ ನೋಟ್‌ಬುಕ್ಕಿನಲ್ಲಿ ಏನನ್ನೋ ಬರೆದ.

"ಕನ್ನಡಿ ನೋಡ್ಬೇಕು, ಸರಿ," ಅವಳು ಮುಂದುವರಿಸಿದಳು. "ಆದ್ರೆ ಕನ್ನಡೀನೇ ನೋಡ್ಕೊಂಡಿದ್ರೆ ಬಸ್ಸು ಎಲ್ಲಿಗೆ ಹೋಗುತ್ತೆ?"

ಅವಳು ಹೇಳಿದ್ದೆಲ್ಲ ಸರಿಯೇ ಆಗಿರುತ್ತಿರಲಿಲ್ಲ. ಒಂದು ಗುರುವಾರ ಬಾರ್ ಕೆಳಗಿಟ್ಟು ನೇರ ನಿಂತವಳಿಗೆ ಕಣ್ಣು ಕತ್ತಲಿಟ್ಟಿತು. ಗೋಡೆ ಹಿಡಿದು ಜಾರಿ ಕೂತಳು. ಅವನು ಅವಳ ಮಣಿಕಟ್ಟು ಹಿಡಿದು ನಾಡಿ ಎಣಿಸಿದ.

"ಬೆಳಗ್ಗೆ ಏನ್ ತಿಂದ್ರಿ?"

"ಟೀ."

"ನಿನ್ನೆ ರಾತ್ರಿ?"

"ಪಾಳಿ ತಡ ಆಯ್ತು. ಬ್ರೆಡ್ಡು."

"ಮೂರು ವರ್ಷದಿಂದ ಹೀಗೇನಾ?"

"ಹಸಿವಾದಾಗ ತಿಂತೀನಪ್ಪಾ. ಮೈ ಹೇಳುತ್ತೆ."

"ಹೇಳ್ತು ನೋಡಿ, ಈಗ." ಚೀಲದಿಂದ ಎರಡು ಬಾಳೆಹಣ್ಣು ತೆಗೆದು ಕೊಟ್ಟ. "ಇಲ್ಲಿಗೆ ಬರೋಕೆ ಮುಂಚೆ ಎರಡು ತಿನ್ನಿ. ರಾತ್ರಿ ಊಟ ಬಿಡ್ಬೇಡಿ. ಅಷ್ಟೇ."

ಅವಳು ಸಿಪ್ಪೆ ಸುಲಿಯುತ್ತಿದ್ದವಳು ನಿಲ್ಲಿಸಿ ಅವನನ್ನೇ ನೋಡಿದಳು. "ಅಷ್ಟೇನಾ?"

"ಅಷ್ಟೇ."

"ಇಷ್ಟು ಚಿಕ್ಕ ಉತ್ತರ ನಿನ್ಗೆ ಬರುತ್ತಾ?"

ಬಹುವಚನ ಬಿದ್ದುಹೋದದ್ದು ಇಬ್ಬರಿಗೂ ಕೇಳಿಸಿತು. ಯಾರೂ ಎತ್ತಿಡಲಿಲ್ಲ. ನಾಡಿ ಎಣಿಸಿ ಮುಗಿದ ಮೇಲೂ ಅವನ ಕೈ ಅಲ್ಲೇ ಇತ್ತು.

*

ಮದುವೆಯ ಮಾತು ಎತ್ತಿದವಳು ಅವಳೇ. ಅದೊಂದು ಮಂಗಳವಾರ, ಇಬ್ಬರೂ ಬಾರ್‌ನಿಂದ ತೂಕದ ಬಿಲ್ಲೆಗಳನ್ನು ಬಿಚ್ಚುತ್ತಿದ್ದಾಗ, ಇಪ್ಪತ್ತು ಕೆಜಿಯದೊಂದನ್ನು ಎದೆಗವಚಿ ನಿಂತು ಕೇಳಿದಳು.

"ನಾವಿಬ್ರೂ ಮದ್ವೆ ಆಗೋಣ ಅಂತ ನಂಗನ್ಸುತ್ತೆ. ನಿಂಗೇನನ್ಸುತ್ತೆ?"

ಅವನ ಎದೆಯೊಳಗೆ ಉತ್ತರ ಎದ್ದು ನಿಂತಿತ್ತು. ಆದರೆ ಬಾಯಿ, ಆರು ವರ್ಷದ ಅಭ್ಯಾಸದಿಂದ, "ಯೋಚ್ನೆ ಮಾಡಿ ಹೇಳ್ತೀನಿ" ಎಂದಿತು.

"ಮಾಡು," ಎಂದಳು. ಬಿಲ್ಲೆಯನ್ನು ಸ್ಟ್ಯಾಂಡಿಗೆ ಸಿಕ್ಕಿಸಿದಳು. ಸದ್ದು ಎಂದಿಗಿಂತ ಸ್ವಲ್ಪ ಜೋರಾಗಿತ್ತು.

ಅವನು ಯೋಚಿಸಿದ. ತನ್ನ ಸಂಬಳ, ಅವಳ ಪಾಳಿ, ಅವಳ ಅಪ್ಪನನ್ನು ಯಾರು ನೋಡಿಕೊಳ್ಳುವುದು, ಎರಡು ಮನೆಗಳ ದೂರ. ಒಂದೊಂದನ್ನೂ ಮೂರು ಮೂರು ಸಲ. ಯಾವುದರಲ್ಲೂ ಬೇಡ ಎನ್ನಲು ಕಾರಣ ಸಿಗಲಿಲ್ಲ. ಸಿಗಲಿಲ್ಲವೆಂದರೆ ಎಲ್ಲೋ ಒಂದು ಚುಕ್ಕೆ ಬಿಟ್ಟಿರಬೇಕು ಎಂದುಕೊಂಡು ಮತ್ತೆ ಮೊದಲಿಂದ ಶುರುಮಾಡಿದ.

ಮೂವತ್ತಮೂರನೇ ದಿನ, ಭಾನುವಾರ, ಅವಳು ಅವನನ್ನು ಊಟಕ್ಕೆ ಕರೆದಳು. "ಅಪ್ಪ ನಿನ್ನ ನೋಡ್ಬೇಕಂತೆ."

*

ಅವಳ ಅಪ್ಪ ಆಸ್ಪತ್ರೆಯ ಅಡುಗೆಮನೆಯಲ್ಲಿ ಮೂವತ್ತೊಂದು ವರ್ಷ ಅಡುಗೆ ಮಾಡಿ ನಿವೃತ್ತರಾದವರು. ಹೊತ್ತಿಗೆ ನಾಲ್ಕು ನೂರು ಜನ. ಹೆಂಡತಿ ತೀರಿಕೊಂಡ ಮೇಲೆ ಅವರ ಅಡುಗೆ ಇಬ್ಬರಿಗೆ ಇಳಿದಿತ್ತು. ಅಂದು ಮೂವರಿಗೆ ಏರಿತ್ತು. ಅದರ ಸಂಭ್ರಮಕ್ಕೆ ಹೊಸ ಅಂಗಿ ಹಾಕಿಕೊಂಡು, ಅದರ ಮೇಲೆ ಹಳೆಯ ಏಪ್ರನ್ ಕಟ್ಟಿಕೊಂಡಿದ್ದರು.

"ಕೂತ್ಕೊಳ್ಳಪ್ಪಾ. ನಾಚ್ಕೋಬೇಡ. ನಾಚ್ಕೊಂಡೋನು ಹಸ್ಕೊಂಡ."

ಅನ್ನ, ಬೇಳೆ, ಹುರಿದ ಕೋಳಿ, ಬೇಯಿಸಿದ ತರಕಾರಿ. ತಟ್ಟೆ ಮುಂದೆ ಬಂತು. ಅವನ ಕೈ ತನ್ನಷ್ಟಕ್ಕೆ ಚೀಲಕ್ಕೆ ಹೋಯಿತು. ತಕ್ಕಡಿ ಹೊರಬಂತು. ಅದನ್ನು ಮೇಜಿನ ಮೇಲಿಟ್ಟು, ಖಾಲಿ ಬಟ್ಟಲಿನ ತೂಕ ಸೊನ್ನೆ ಮಾಡಿ, ತಟ್ಟೆಯ ಅನ್ನವನ್ನು ಬಟ್ಟಲಿಗೆ ಹಾಕಿದ. ಎಂಟು ತಿಂಗಳಿಂದ ಪ್ರತಿ ಊಟದಲ್ಲೂ ಮಾಡಿದ ಕೆಲಸ. 212 ಎಂದು ಅಂಕಿ ಬಂದ ಮೇಲೆಯೇ ಅವನು ತಲೆ ಎತ್ತಿ ಇಬ್ಬರ ಮುಖ ನೋಡಿದ್ದು.

"ತೆಗಿ ಅದನ್ನ," ಅವಳು ಹೇಳಿದಳು. ಅವಳ ದನಿ ಇಷ್ಟು ಮೆಲ್ಲಗಿರುವುದನ್ನು ಅವನು ಹಿಂದೆ ಕೇಳಿರಲಿಲ್ಲ.

"ಇರ್ಲಿ ಇರ್ಲಿ," ಅಪ್ಪ ಕುರ್ಚಿ ಎಳೆದುಕೊಂಡು ಹತ್ತಿರ ಬಂದರು. ಕಣ್ಣು ತಕ್ಕಡಿಯ ಮೇಲಿತ್ತು. "ಎಷ್ಟು ಪುಟ್ಟದು ಮಾಡಿದಾರೆ! ನಮ್ಮದು ಮೇಜಿನಷ್ಟು ಇತ್ತು. ಸೊನ್ನೆ ಮಾಡು."

ಮಾಡಿದ. ಅಪ್ಪ ಪಾತ್ರೆಯಿಂದ ಒಂದು ಸೌಟು ಅನ್ನ ತೆಗೆದು ಬಟ್ಟಲಿಗೆ ಹಾಕಿದರು. "ನೂರೈವತ್ತು."

ತಕ್ಕಡಿ 148 ತೋರಿಸಿತು.

ಪ್ರತಿ ಸಲ ಸೊನ್ನೆ ಮಾಡಿಸಿ ಮುಂದಿನ ಸೌಟು ಹಾಕಿದರು. "ಇನ್ನೂರು." 203.

"ಸಕ್ಕರೆ ಕಾಯಿಲೆಯವರಿಗೆ, ತೊಂಬತ್ತು." 90.

ಅವನು ಬಾಯಿ ಬಿಟ್ಟು ನೋಡಿದ. ಅಪ್ಪ ಹುಡುಗನಂತೆ ನಕ್ಕರು.

"ಮೊದಲ ಎರಡು ವರ್ಷ ತೂಗದೆ ಒಂದು ಹಿಡಿ ಹಾಕಿದೋನಲ್ಲ ನಾನು. ಹಾಕಿದ್ರೆ ದೊಡ್ಡ ಅಡುಗೆಯೋರು ಸೌಟಲ್ಲೇ ಬಾರಿಸ್ತಿದ್ರು. ಆಮೇಲೆ ಕೈಗೆ ಬಂತು. ಬಂದ್ಮೇಲೂ ತೂಗ್ತಾ ಕೂತಿದ್ರೆ ನಾಲ್ಕು ನೂರು ಜನರ ಊಟ ಆರಿಹೋಗ್ತಿತ್ತು." ಅವರು ಅವನ ಅಂಗೈಯನ್ನು ತಿರುಗಿಸಿ ನೋಡಿದರು. "ಎಂಟು ತಿಂಗಳಾಯ್ತು ಅಂತ ಮಗಳು ಹೇಳಿದ್ಲು. ನಿನ್ನ ಕೈಗೂ ಬಂದಿರ್ಬೇಕಲ್ಲ? ಯಾವತ್ತಾದ್ರೂ ಕೇಳಿದೀಯಾ ಅದನ್ನ?"

ಕೇಳಿರಲಿಲ್ಲ.

ಊಟ ಮುಗಿಯಿತು. ಚೆನ್ನಾಗಿತ್ತು. ಅವಳು ಗೇಟಿನವರೆಗೆ ಬಂದು, ಚಿಲಕದ ಮೇಲೆ ಕೈಯಿಟ್ಟು ನಿಂತಳು.

"ಅಪ್ಪ ಬೆಳಗ್ಗೆ ಐದಕ್ಕೆ ಎದ್ದಿದ್ರು, ನೀನು ಬರ್ತೀಯಾ ಅಂತ."

"ತಪ್ಪಾಯ್ತು. ಕೈ ತಾನಾಗೇ..."

"ಗೊತ್ತು. ಅದೇ ಭಯ ನಂಗೆ." ಅವಳ ಕಣ್ಣಲ್ಲಿ ಸಿಟ್ಟಿಗಿಂತ ದಣಿವು ಹೆಚ್ಚಿತ್ತು. "ಮೂವತ್ತಮೂರು ದಿನ ಆಯ್ತು. ಇವತ್ತು ಅನ್ನ ತೂಗಿದೆ. ನನ್ನ ಯಾವ ಬಟ್ಟಲಿಗೆ ಹಾಕಿದೀಯಾ? ನಾನು ಸರಿ ಇದೀನಾ ಅಂತ ಇನ್ನೆಷ್ಟು ಲೇಖನ ಓದ್ಬೇಕು ನೀನು?"

"ನೀನಲ್ಲ. ನಾನು ಎಲ್ಲಾದ್ರೂ ತಪ್ಪು ಮಾಡಿಬಿಟ್ರೆ..."

"ಶನಿವಾರ ಹತ್ತು ಗಂಟೆಯೊಳಗೆ ಡಿಪೋದಲ್ಲಿ ಪಾಳಿ ಬರೆಸ್ಬೇಕು, ಮುಂದಿನ ಆರು ತಿಂಗಳಿಗೆ. ಬೆಳಗ್ಗೆ ಐದರ ಪಾಳಿ ಖಾಲಿ ಇದೆ. ತಗೊಂಡ್ರೆ ಜಿಮ್ಮಿಗೆ ಬರೋಕಾಗಲ್ಲ. ನಿನ್ನ ನೋಡೋ ಕಷ್ಟಾನೂ ಇರಲ್ಲ." ಚಿಲಕ ತೆಗೆದಳು. "ಅಷ್ಟರೊಳಗೆ ಹೇಳು. ಹೇಳ್ದಿದ್ರೆ ಅದೂ ಒಂದು ಉತ್ತರ ಅಂದ್ಕೋತೀನಿ."

ಬಸ್ ನಿಲ್ದಾಣ ತಲುಪಿದ ಮೇಲೆ ಅವನಿಗೆ ಗೊತ್ತಾಯಿತು. ನೀಲಿ ನೋಟ್‌ಬುಕ್ ಅವಳ ಮನೆಯ ಮೇಜಿನ ಮೇಲೆ ಉಳಿದುಬಿಟ್ಟಿತ್ತು. ಎಂಟು ತಿಂಗಳಲ್ಲಿ ಅದನ್ನು ಮರೆತದ್ದು ಅದೇ ಮೊದಲು.

*

ಸೋಮವಾರ ಬೆಳಗ್ಗೆ ಅವನು ಅನ್ನ ಮಾಡಿ, ಸೌಟಿನಿಂದ ತಟ್ಟೆಗೆ ಹಾಕಿ, "ನೂರೈವತ್ತು" ಎಂದು ಗಟ್ಟಿಯಾಗಿ ಹೇಳಿ ತೂಗಿದ. 156. ಮೊಟ್ಟೆ, ಬೇಳೆ, ಹಾಲು ಎಲ್ಲವನ್ನೂ ಹಾಗೆಯೇ ನೋಡಿದ. ಆರೇಳು ಗ್ರಾಂಗಿಂತ ಹೆಚ್ಚು ತಪ್ಪಲಿಲ್ಲ. ಅವನ ಕೈಗೆ ಎಂದೋ ಗೊತ್ತಾಗಿದ್ದದ್ದು ಅವನಿಗೆ ಮಾತ್ರ ಗೊತ್ತಿರಲಿಲ್ಲ. ತಕ್ಕಡಿಯನ್ನು ಆರಿಸಿ ಚೀಲದ ತಳಕ್ಕೆ ಹಾಕಿದ.

ಮಂಗಳವಾರ ಅವಳು ಬರಲಿಲ್ಲ. ಗುರುವಾರವೂ ಇಲ್ಲ. ಅಂದು ಬರೆಯಲು ನೋಟ್‌ಬುಕ್ ಇರಲಿಲ್ಲ, ಕನ್ನಡಿಯ ಮೂಲೆಯಲ್ಲಿ ನೋಡಲು ಯಾರೂ ಇರಲಿಲ್ಲ. ಅವನು ಮಲಗಿ ಅರವತ್ತು ಕೆಜಿ ಎತ್ತಿದ, ಇಳಿಸಿದ, ಎತ್ತಿದ.

"ಏನಯ್ಯಾ ಪಾಯಿಂಟ್ ಫೈವ್," ಮಾಸ್ತರು ಹತ್ತಿರ ಬಂದರು. "ಏಳು ಸಲ ಎತ್ತಿದೆ. ಐದು ದಾಟಿದ್ದನ್ನ ನಾನು ನೋಡೇ ಇಲ್ಲ."

"ಎಣಿಸ್ಲಿಲ್ಲ."

"ಮೊಣಕೈ ಎಷ್ಟು ಡಿಗ್ರಿ ಇತ್ತು?"

"ಗೊತ್ತಿಲ್ಲ ಮಾಸ್ತರೇ."

"ಸರಿಯಾಗಿತ್ತು." ಮಾಸ್ತರು ಅವಳ ಮೂಲೆಯ ಕಡೆ ನೋಡಿದರು. "ಆ ಡ್ರೈವರಮ್ಮ ಬೆಳಗ್ಗೆ ಐದರ ಪಾಳಿ ತಗೋತಾಳಂತೆ. ನಿಂಗೇನಾದ್ರೂ ಗೊತ್ತಾ?"

ಅಂದು ಮಧ್ಯಾಹ್ನ ಅವನು ಲ್ಯಾಬಿನಲ್ಲಿ ಶನಿವಾರ ಬೆಳಗ್ಗೆಗೆ ರಜೆ ಕೇಳಿದ. ಕಾರಣದ ಜಾಗದಲ್ಲಿ ಏನು ಬರೆಯುವುದೆಂದು ಯೋಚಿಸದೆ 'ಸ್ವಂತ ಕೆಲಸ' ಎಂದು ಬರೆದ.

*

ಶನಿವಾರ ಒಂಬತ್ತು ನಲವತ್ತಕ್ಕೆ ಅವನು ಡಿಪೋ ತಲುಪಿದ. ಪಾಳಿ ಬರೆಸುವ ಕಿಟಕಿಯ ಮುಂದೆ ಸಾಲಿತ್ತು. ಅವಳು ಸಾಲಿನಲ್ಲಿರಲಿಲ್ಲ. ಆಚೆ ನಿಂತಿದ್ದ ಬಸ್ಸಿನ ಪಕ್ಕದ ಕನ್ನಡಿಯನ್ನು ಬಟ್ಟೆಯಿಂದ ಒರೆಸುತ್ತಿದ್ದಳು. ಅವನು ಹಿಂದಿನಿಂದ ಬಂದ. ಅವಳು ತಿರುಗಲಿಲ್ಲ. ಕನ್ನಡಿಯಲ್ಲಿ ಅವನನ್ನು ಕಂಡ ಕೂಡಲೇ ಒರೆಸುವ ಕೈ ನಿಂತಿತು.

"ಯೋಚ್ನೆ ಮುಗೀತಾ?"

"ಮುಗೀಲಿಲ್ಲ. ನಿಲ್ಲಿಸ್ದೆ."

ಅವಳು ತಿರುಗಿದಳು.

"ಹೌದು," ಎಂದ.

"ಏನು ಹೌದು?"

"ಮೂವತ್ತೊಂಬತ್ತು ದಿನದ ಹಿಂದೆ ನೀನು ಕೇಳಿದ್ದಕ್ಕೆ. ಅವತ್ತೇ ಹೌದು ಅಂತಿತ್ತು. ಸರಿಯಾಗಿದೆಯಾ ಅಂತ ನೋಡ್ತಾ ಕೂತೆ. ನಾಳೆ ಏನಾದ್ರೂ ತಪ್ಪಿದ್ರೆ ತಿದ್ಕೊಳ್ಳೋಣ. ನೀನು ಜೊತೇಲಿದ್ರೆ ತಿದ್ಬಹುದು ಅನ್ಸುತ್ತೆ." ಉಸಿರು ತೆಗೆದುಕೊಂಡ. "ಇದನ್ನ ನಾನು ಮೊದಲೇ ಬರ್ಕೊಂಡು ಬಂದಿಲ್ಲ. ಅದಕ್ಕೇ ಹೀಗಿದೆ."

ಅವಳು ಬಸ್ ಹತ್ತಿ, ಡ್ರೈವರ್ ಸೀಟಿನ ಪಕ್ಕದಿಂದ ನೀಲಿ ನೋಟ್‌ಬುಕ್ ತೆಗೆದುಕೊಂಡು ಇಳಿದಳು.

"ಇಡೀ ಪುಸ್ತಕ ಓದಿದೆ," ಎಂದಳು. "ಸಿಟ್ಟಲ್ಲಿ ಶುರುಮಾಡ್ದೆ. ಪ್ರತಿ ಪುಟದಲ್ಲೂ ಒಂದು ಕಾಲಂ ಇದೆ. ಎರಡು ಸುತ್ತಿನ ನಡುವೆ ವಿಶ್ರಾಂತಿ, ತೊಂಬತ್ತು ಸೆಕೆಂಡು. ಅದರ ಪಕ್ಕ ನಿಜವಾಗಿ ಎಷ್ಟಾಯ್ತು ಅಂತ." ಪುಟ ತಿರುವಿದಳು. "ನಾನು ನಿನ್ನ ಬಾರ್ ಎತ್ತಿದ ವಾರ, ಎರಡು ನಿಮಿಷ. ಕಾರಣ: ಮಾತು. ಬಾಳೆಹಣ್ಣಿನ ವಾರ, ಆರು ನಿಮಿಷ. ಕಾರಣ: ಮಾತು. ಹೋದ ತಿಂಗಳು ಹನ್ನೊಂದು. ಕಾರಣ: ಮಾತು, ಮಾತು, ಮಾತು. ನಾನು ಮದ್ವೆ ಕೇಳಿದ ದಿನ ಗಡಿಯಾರಾನೇ ನೋಡಿಲ್ಲ. ಪುಟ ಖಾಲಿ." ತಲೆ ಎತ್ತಿದಳು. ಕಣ್ಣು ಒದ್ದೆಯಾಗಿತ್ತು, ತುಟಿ ನಗುತ್ತಿತ್ತು. "ನಿನ್ನ ಮೈ ಬೆಳೀದಿರೋಕೆ ನಾನೇ ಕಾರಣ ಅಂತ ಬರ್ದಿಟ್ಟಿದೀಯಲ್ಲೋ!"

"ಕಾರಣ ಗೊತ್ತಿತ್ತು," ಅವನು ಹೇಳಿದ. "ಸರಿಮಾಡೋಕೆ ಇಷ್ಟ ಇರ್ಲಿಲ್ಲ."

ಅವಳು ನೋಟ್‌ಬುಕ್ಕಿನಿಂದ ಅವನ ತೋಳಿಗೆ ಒಂದು ಪೆಟ್ಟು ಕೊಟ್ಟಳು. ಕೊಟ್ಟ ಕೈಯನ್ನು ಅಲ್ಲೇ ಬಿಟ್ಟಳು. ಸಾಲಿನಲ್ಲಿದ್ದ ಡ್ರೈವರುಗಳು ಒಬ್ಬೊಬ್ಬರಾಗಿ ಇತ್ತ ತಿರುಗಿದರು. ಒಬ್ಬ ಹಾರ್ನ್ ಹೊಡೆದಂತೆ ಬಾಯಲ್ಲಿ ಸದ್ದು ಮಾಡಿದ.

"ತಕ್ಕಡಿ ಎಲ್ಲಿ?" ಅವಳು ಕೇಳಿದಳು.

"ಚೀಲದಲ್ಲಿದೆ. ಸೋಮವಾರದಿಂದ ತೆಗೆದಿಲ್ಲ."

"ನಂಗೆ ಕೊಡು, ಎರಡು ತಿಂಗಳು. ನಾನು ದಿನಕ್ಕೆ ಎಷ್ಟು ತಿಂತೀನಿ ಅಂತ ನಂಗೇ ಗೊತ್ತಿಲ್ಲ ಅಂತ ನಿನ್ನ ಪುಸ್ತಕ ಓದಿದ್ಮೇಲೆ ಗೊತ್ತಾಯ್ತು. ಕೈಗೆ ಬರೋವರೆಗೆ ತೂಗ್ತೀನಿ. ಆಮೇಲೆ ಇಬ್ರೂ ಅದನ್ನ ಮುಟ್ಟೋದು ಬೇಡ."

"ಎರಡು ತಿಂಗಳು ಸಾಕಾ? ಒಂದು ಅಧ್ಯಯನದ ಪ್ರಕಾರ..."

ಅವಳು ಹುಬ್ಬೇರಿಸಿದಳು.

"ಸಾಕು," ಎಂದ.

ಒಂಬತ್ತು ಐವತ್ತೆಂಟಕ್ಕೆ ಅವಳು ಪಾಳಿ ಪುಸ್ತಕದಲ್ಲಿ ಎಂಟೂವರೆಯ ಪಾಳಿಗೆ ಸಹಿ ಹಾಕಿದಳು.

ಮಂಗಳವಾರ ಬೆಳಗ್ಗೆ ಆರು ಗಂಟೆ ಹನ್ನೆರಡು ನಿಮಿಷಕ್ಕೆ, ಜಿಮ್‌ನ ತೂಕಗಳನ್ನಷ್ಟೇ ಹಾಕಿ, ಅವನು ಅರವತ್ತೆರಡೂವರೆ ಕೆಜಿಯನ್ನು ಐದು ಸಲ ಎತ್ತಿದ. ತಲೆಯ ಹಿಂದೆ ಅವಳು ನಿಂತಿದ್ದಳು, ಬಾರ್ ಮುಟ್ಟಲಿಲ್ಲ. ಮನೆಯಿಂದ ತಂದಿದ್ದ ಅರ್ಧ ಕೆಜಿಯ ಎರಡು ಬಿಲ್ಲೆಗಳು ಈಗ ಅವಳ ಅಪ್ಪನ ಅಡುಗೆಮನೆಯಲ್ಲಿವೆ. ಅನ್ನದ ಪಾತ್ರೆಯ ಮುಚ್ಚಳ ಏಳದಂತೆ ಅವರು ಅದರ ಮೇಲೆ ಇಡುತ್ತಾರೆ.